ಅದಿರಿನ ಬೆಟ್ಟ, ಉಕ್ಕಿನ ಸೇತುವೆ

ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿಗಿಂತ ಎಷ್ಟೋ ಹಳೆಯದು ಕಬ್ಬಿಣ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ರೋಪ್‌ವೇಯಲ್ಲಿ ಕೆಳಗಿಳಿದು ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆಯ ಕುಲುಮೆ ಉರಿಯತೊಡಗಿತು. ಆಮೇಲಿನ ಕಾಲದಲ್ಲಿ ಕುದುರೆಮುಖದ ಸರದಿ ಬಂತು. ಅಲ್ಲಿ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಬಂದರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಆ ಗಣಿಗಾರಿಕೆ ನಿಂತಿತು.

ಅದಿರು ಎಂದರೆ ಆಮ್ಲಜನಕದೊಂದಿಗೆ ಬೆರೆತು ಕುಳಿತಿರುವ ಕಬ್ಬಿಣ. ಕುಲುಮೆಯಲ್ಲಿ ಇದ್ದಿಲೋ ಕೋಕೋ ಉರಿಸಿ ಆ ಆಮ್ಲಜನಕವನ್ನು ಬಲವಂತವಾಗಿ ಬಿಡಿಸುತ್ತೇವೆ. ಅಷ್ಟು ಶಾಖ ತಿಂದು ಹೊರಬಂದ ಲೋಹಕ್ಕೆ ಮತ್ತೆ ಆಮ್ಲಜನಕದ ಜೊತೆ ಸೇರುವ ಒಲವು ಹೋಗುವುದಿಲ್ಲ. ನೀರು ಸಿಕ್ಕಿದ ಕೂಡಲೇ ಅದು ಆ ದಾರಿ ಹಿಡಿಯುತ್ತದೆ. ತುಕ್ಕು ಮತ್ತು ಅದಿರು ರಾಸಾಯನಿಕವಾಗಿ ಒಂದೇ ಮನೆತನದವು. ಮಲೆನಾಡಿನ ಗೇಟು, ಕಿಟಕಿ ಸರಳುಗಳಿಗೆಲ್ಲ ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಆಮ್ಲಜನಕ ಸೇರಿ ಮುಗಿದ ಕಬ್ಬಿಣ ಮತ್ತೆ ತುಕ್ಕು ಹಿಡಿಯಲಾರದು, ಆದ್ದರಿಂದ ಬಣ್ಣವಾಗಿ ಅದು ವರ್ಷಗಟ್ಟಲೆ ಬಾಳುತ್ತದೆ.

ಹೀಗಾಗಿ ಈ ಬೆಟ್ಟಗಳ ನಡುವೆ ಹೊಳೆಯ ಮೇಲೆ ನಿಂತಿರುವ ಪ್ರತಿಯೊಂದು ಉಕ್ಕಿನ ಸೇತುವೆಯೂ ಅದಿರಿಗೆ ಮರಳುವ ಹಾದಿಯಲ್ಲಿದೆ. ಆ ಪಯಣಕ್ಕೆ ನೂರಾರು ವರ್ಷ ಹಿಡಿಯಬಹುದು, ಇಪ್ಪತ್ತೇ ವರ್ಷವೂ ಆಗಬಹುದು. ಎರಡರ ನಡುವಿನ ವ್ಯತ್ಯಾಸಕ್ಕೆ ಉಕ್ಕಿನ ಗುಣಮಟ್ಟಕ್ಕಿಂತ ಹೆಚ್ಚಾಗಿ ಕಾರಣವಾಗುವುದು, ಸೇತುವೆಯ ಮೇಲೆ ನೀರು ಎಲ್ಲಿ ನಿಲ್ಲುತ್ತದೆ ಎಂಬ ಸಂಗತಿ. ಈ ಅಧ್ಯಾಯದ ಉದ್ದಕ್ಕೂ ನಾವು ಹುಡುಕುವುದು ಆ ಜಾಗಗಳನ್ನೇ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಕುದುರೆಮುಖ, ಕೊಟ್ಟಿಗೆಹಾರದ ಕಡೆಯೂ ಮಳೆಗೆ ಕಡಿಮೆಯಿಲ್ಲ. ಅದೇ ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೆ ಬಂದರೆ ಆಗುಂಬೆಯ ಹತ್ತನೇ ಒಂದು ಭಾಗದಷ್ಟು ಬಿದ್ದರೆ ಹೆಚ್ಚು. ಕಡೂರಿನಲ್ಲಿ ನೂರು ವರ್ಷ ಬಾಳುವ ಗರ್ಡರು ಕಳಸದಲ್ಲಿ ಅಷ್ಟು ಬಾಳದು ಎಂದು ಯಾರಾದರೂ ಊಹಿಸಬಹುದು. ಊಹೆ ಸರಿ, ಆದರೆ ಕಾರಣ ಮಳೆಯ ಪ್ರಮಾಣ ಅಲ್ಲ. ಧಾರಾಕಾರ ಮಳೆ ಉಕ್ಕಿನ ಮುಖವನ್ನು ತೊಳೆದು ಧೂಳು, ಉಪ್ಪು, ಹಕ್ಕಿಯ ಹಿಕ್ಕೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕೆಡುಕು ಮಾಡುವುದು ಮಳೆ ನಿಂತ ಮೇಲೆ ಉಳಿಯುವ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ. ತುಕ್ಕಿನ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಾಳಿಯ ತೇವಾಂಶ ಶೇ. 80 ದಾಟಿರುವ ಗಂಟೆಗಳನ್ನು ಲೋಹದ 'ಒದ್ದೆ ಸಮಯ' ಎಂದು ಎಣಿಸುತ್ತಾರೆ. ಕಾಫಿ ತೋಟದ ನೆರಳು, ಹೊಳೆಯ ತಂಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿದೇ ಇರುವ ಮಂಜು ಇವೆಲ್ಲ ಸೇರಿದ ಕಡೆ ನಾಲ್ಕು ತಿಂಗಳ ಸುಮಾರು 2,900 ಗಂಟೆಗಳಲ್ಲಿ ಬಹುಪಾಲು ಒದ್ದೆ ಸಮಯವೇ.

ನೀರಿನ ಪೊರೆಯ ಕೆಳಗೆ ನಡೆಯುವುದು ಒಂದು ಪುಟ್ಟ ಬ್ಯಾಟರಿಯ ಕೆಲಸ. ಒಂದು ಬಿಂದುವಿನಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗಿಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಬಿಂದುವಿನಲ್ಲಿ ಆಮ್ಲಜನಕವನ್ನೂ ನೀರನ್ನೂ ಸೇರುತ್ತವೆ. ಇಂಥದ್ದೊಂದು ಸೋಜಿಗವನ್ನು ಕೇಂಬ್ರಿಜ್‌ನ ಯು.ಆರ್. ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಒಂದೇ ಒಂದು ಹನಿ ಉಪ್ಪುನೀರು ಬಿಟ್ಟು ತೋರಿಸಿದರು. ಹನಿಯ ಅಂಚಿಗೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ನಡುಭಾಗಕ್ಕೆ ಸಿಗುವುದಿಲ್ಲ. ಆದರೂ ಲೋಹ ಸವೆಯುವುದು ನಡುಭಾಗದಲ್ಲಿ. ಉಸಿರುಕಟ್ಟಿದ ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಗಾಳಿ ಆಡುವ ಜಾಗ ಆ ಕರಗುವಿಕೆಗೆ ದಾರಿ ಮಾಡಿಕೊಡುತ್ತದೆ.

ಸೇತುವೆಯನ್ನು ನೋಡುವ ಕಣ್ಣನ್ನೇ ಈ ಪ್ರಯೋಗ ಬದಲಿಸಿತು. ಬಯಲಿಗೆ ತೆರೆದ ಅಗಲವಾದ ಮುಖದ ಮೇಲಿನ ಕೆಂಪು ಕಲೆಗೆ ಗಾಬರಿಯಾಗಬೇಕಿಲ್ಲ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿ, ರಿವೆಟಿನ ತಲೆಯ ಅಡಿ, ಗರ್ಡರಿನ ಕೆಳ ಅಂಚಿನಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಕೂತ ಮೂಲೆ, ಕಂಬ ಕಾಂಕ್ರೀಟಿಗೆ ಇಳಿಯುವ ಬುಡ ಇವನ್ನು ಬಗ್ಗಿ ನೋಡಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಸಂದಿಯೊಳಗೆ ಉಬ್ಬಿದ ತುಕ್ಕು ದಪ್ಪ ತಗಡುಗಳನ್ನೂ ಬಾಗಿಸಿ ಬೇರ್ಪಡಿಸುತ್ತದೆ, ರಿವೆಟಿನ ತಲೆಯನ್ನು ಹಾರಿಸಿಬಿಡುತ್ತದೆ. ಮೇಲಿಂದ ಬಣ್ಣ ಬಳಿದು ಹೊಳೆಯುವ ಸೇತುವೆಯ ಒಳಗೆ ಇದು ಸದ್ದಿಲ್ಲದೆ ನಡೆಯಬಹುದು.

ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಹಳೆಯ ಕಬ್ಬಿಣದ ಕಂಬವೊಂದು ಇದೇ ಮಳೆಯಲ್ಲಿ ಬಹುಕಾಲದಿಂದ ನಿಂತಿದೆ. ದೆಹಲಿಯ ಕಂಬದಂತೆ ಲೋಹತಜ್ಞರು ಅದನ್ನೂ ಅಧ್ಯಯನ ಮಾಡಿದ್ದಾರೆ. ಹಳೆಯ ಕುಲುಮೆಯ ಕಬ್ಬಿಣದ ಗುಣದ ಮಾತು ಬಂದಾಗಲೆಲ್ಲ ಇಂಥ ಕಂಬಗಳ ಹೆಸರು ಬರುತ್ತದೆ. ಅದು ಸರಿಯೇ. ಆದರೆ ಅದರ ಆಕಾರವನ್ನೂ ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ನೆಟ್ಟಗೆ ನಿಂತ ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಎಲೆ ಕೊಳೆಯುವುದಿಲ್ಲ, ಗಾಳಿ ಬೀಸಿದರೆ ಮೈ ಒಣಗುತ್ತದೆ. ಸೇತುವೆಗೆ ಆ ಭಾಗ್ಯವಿಲ್ಲ, ಅದು ಸಂದಿಗಳಿಂದಲೇ ಆದ ರಚನೆ.

ಮೂಡಿಗೆರೆ, ಕಳಸದ ಕಡೆ ಹೊಳೆ ದಾಟುವ ಕಷ್ಟ ಹಳೆಯದು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಏರಿದಾಗ ಮುಳುಗುವುದನ್ನು ಮಳೆಗಾಲದ ಸುದ್ದಿಯಲ್ಲಿ ಎಲ್ಲರೂ ಓದಿರುತ್ತಾರೆ. ಒಳಗಿನ ಹಳ್ಳಿಗಳಲ್ಲಿ ಅಡಿಕೆ ಮರವನ್ನೋ ಕಾಡುಮರವನ್ನೋ ಉರುಳಿಸಿ ಮಾಡಿದ ಸಂಕವೇ ಗತಿ. ಪಶ್ಚಿಮಘಟ್ಟದ ಇಂಥ ಊರುಗಳಿಗೆ ಉಕ್ಕಿನ ಹಗ್ಗದ ತೂಗುಸೇತುವೆಯನ್ನು ತಂದುಕೊಟ್ಟವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಮೊದಲ ಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕ, ಕೇರಳ ಮತ್ತಿತರ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ಈ ಬಗೆಯ ಸೇತುವೆಗಳ ಹಿರಿಯ ಗೋಕಾಕದಲ್ಲಿದೆ. ಘಟಪ್ರಭೆಯ ಮೇಲಿನ, 201 ಮೀಟರ್ ಉದ್ದದ ಆ ತೂಗುಸೇತುವೆ 1907ರದ್ದು. ಸುಳ್ಯದ ಸೇತುವೆಗಳಲ್ಲಿ ಮೊದಲಿನವು ಮೂವತ್ತು ವರ್ಷ ದಾಟಿವೆ. ಕಟ್ಟಿದ ಸಂಭ್ರಮ ಮುಗಿದು ಕಾಪಾಡುವ ಕಾಲ ಬಂದಿದೆ.

ತೂಗುಸೇತುವೆಯ ಭಾರವೆಲ್ಲ ಹಗ್ಗದ ಮೇಲೆ. ಮನೆಯ ಹಿಂದೆ ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿದಷ್ಟೂ ಗೂಟ ಕಿತ್ತು ಬರುವಂತೆ, ಇಲ್ಲಿಯೂ ಜೋಲು ಕಡಿಮೆಯಾದಷ್ಟು ಸೆಳೆತ ಹೆಚ್ಚು. ಲೆಕ್ಕ ಹಾಕಿ ನೋಡೋಣ. 80 ಮೀಟರ್ ಉದ್ದದ ಸೇತುವೆ, ಹಲಗೆಯೂ ಜನರೂ ಸೇರಿ ಮೀಟರಿಗೆ 250 ಕಿಲೊ, ಹಗ್ಗದ ಜೋಲು 8 ಮೀಟರ್ ಎಂದಿಟ್ಟುಕೊಂಡರೆ ಒಟ್ಟು ಭಾರ 20 ಟನ್. ಆದರೆ ಹಗ್ಗಗಳು ಅಡ್ಡಲಾಗಿ ಎಳೆಯುವ ಬಲ 25 ಟನ್. ಜೋಲನ್ನು 4 ಮೀಟರಿಗೆ ಇಳಿಸಿದರೆ ಭಾರ ಅಷ್ಟೇ ಇದ್ದು ಸೆಳೆತ 50 ಟನ್ ಆಗುತ್ತದೆ. ಸೇತುವೆ ಜೋತುಬಿದ್ದಿದೆ, ಓಲಾಡುತ್ತಿದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಹಗ್ಗ ಬಿಗಿಸಿದರೆ, ಹಳೆಯ ಹಗ್ಗದ ಮೇಲೆ ದುಪ್ಪಟ್ಟು ಹೊರೆ ಹೇರಿದಂತೆ. ಲೆಕ್ಕ ಬಲ್ಲವರನ್ನು ಕೇಳದೆ ಹಗ್ಗ ಬಿಗಿಸುವ ತಿರುಪು, ಅಂದರೆ ಟರ್ನ್‌ಬಕಲ್ ತಿರುಗಿಸುವುದು ರಿಪೇರಿಯಲ್ಲ.

ವೈರ್ ರೋಪಿನ ಒಳಗನ್ನು ತಿಳಿದರೆ ಅದರ ಕಾಯಿಲೆಯೂ ತಿಳಿಯುತ್ತದೆ. ಸಣ್ಣ ತಂತಿಗಳನ್ನು ಹೊಸೆದು ಎಳೆ, ಎಳೆಗಳನ್ನು ಒಂದು ನಡುಬತ್ತಿಯ ಸುತ್ತ ಹೊಸೆದು ಹಗ್ಗ. ಹಲವು ಹಗ್ಗಗಳಲ್ಲಿ ಆ ನಡುಬತ್ತಿ ನಾರಿನದು, ಗ್ರೀಸಿನಲ್ಲಿ ಅದ್ದಿದ್ದು. ಗ್ರೀಸ್ ಒಣಗಿದರೆ ಅದೇ ನಾರು ನೀರು ಹೀರಿ ಹಗ್ಗವನ್ನು ಒಳಗಿನಿಂದ ಕೊಳೆಸುತ್ತದೆ. ಹೊರಗಿನ ಸತುವಿನ ಲೇಪ ಬೆಳ್ಳಗೆ ಕಾಣುತ್ತಿರಬಹುದು, ಆದರೆ ಹಗ್ಗದ ಸುತ್ತಳತೆ ಕುಗ್ಗಿದ್ದರೆ ಒಳಗೆ ಬತ್ತಿ ಸತ್ತಿದೆ ಎಂದೇ ಅರ್ಥ. ಮುರಿದ ತಂತಿ ಹುಡುಕುವುದಕ್ಕೆ ದುಬಾರಿ ಯಂತ್ರವೂ ಬೇಡ. ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿ, ಹತ್ತಿಯ ಹಳೆಬಟ್ಟೆಯನ್ನು ಹಗ್ಗಕ್ಕೆ ಸಡಿಲವಾಗಿ ಸುತ್ತಿ, ಉದ್ದಕ್ಕೂ ಮೆಲ್ಲನೆ ಎಳೆಯುತ್ತಾ ಹೋಗಬೇಕು. ತಂತಿ ಮುರಿದ ಕಡೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಣ್ಣದ ಗುರುತು ಹಾಕಿ, ಎಣಿಸಿ ಬರೆದಿಡಬೇಕು. ಕೊನೆಗೆ ಹಗ್ಗ ನೆಲಕ್ಕಿಳಿದು ಲಂಗರಿನ ಕಾಂಕ್ರೀಟು ಸೇರುವ ಜಾಗಕ್ಕೆ ಬರಬೇಕು. ಮಣ್ಣು ಕುಸಿದು, ಹುಲ್ಲು ಬೆಳೆದು ಮುಚ್ಚಿದ್ದರೆ ಬಿಡಿಸಿ ನೋಡಬೇಕು. ಇಡೀ ಸೇತುವೆಯಲ್ಲಿ ಸದಾ ಒದ್ದೆಯಾಗಿರುವ, ಯಾರ ಕಣ್ಣಿಗೂ ಬೀಳದ ಜಾಗ ಅದೇ.

ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು 1879ರ ತೂಗುಸೇತುವೆ ಹರಿದುಬಿದ್ದು 135 ಜನ ಸತ್ತರು. ಅದು ನವೀಕರಣ ಮುಗಿದು ಆಗಷ್ಟೇ ತೆರೆದಿದ್ದ ಸೇತುವೆ. ತನಿಖಾ ತಂಡ ಕಂಡುಕೊಂಡದ್ದನ್ನು ಸೇತುವೆ ಕಾಯುವ ಪ್ರತಿಯೊಬ್ಬರೂ ಓದಬೇಕು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತಂತಿಗಳು ಅವಘಡಕ್ಕೂ ಮೊದಲೇ ತುಂಡಾಗಿದ್ದಿರಬೇಕು ಎಂದು ಆ ವರದಿ ಹೇಳಿತು. ಹಲಗೆಗಳನ್ನು ತೆಗೆದು ಅಲ್ಯೂಮಿನಿಯಂ ನೆಲಹಾಸು ಹಾಕಿದ್ದರು, ಇದರಿಂದ ಭಾರ ಹೆಚ್ಚಿತ್ತು. ಹಳೆಯ ತೂಗುಸರಳುಗಳಿಗೆ ಹೊಸ ಸರಳುಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಿದ್ದರು. ಕಾಣುವ ನೆಲ ಹೊಸದಾಗಿ, ಕಾಣದ ಹಗ್ಗ ಹಳತಾಗಿಯೇ ಉಳಿದದ್ದೇ ಅಲ್ಲಿಯ ದುರಂತ. 2025ರ ಜೂನ್ 15ರಂದು ಪುಣೆ ಬಳಿಯ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಮಳೆ ನೋಡಲು ಬಂದವರ ನೂಕುನುಗ್ಗಲಿನಲ್ಲಿ ಕುಸಿದು ನಾಲ್ವರು ತೀರಿಕೊಂಡರು. ವಾರಾಂತ್ಯಕ್ಕೆ ಹೋಂಸ್ಟೇಗಳು ತುಂಬುವ ನಮ್ಮ ಕಾಫಿ ನಾಡಿಗೆ ಇದು ದೂರದ ಸುದ್ದಿಯಲ್ಲ. ಶಾಲೆಗೆ ಹೋಗುವ ಮಕ್ಕಳು, ತೋಟದ ಕೆಲಸಗಾರರು ಸಾಲಾಗಿ ದಾಟಲೆಂದು ಕಟ್ಟಿದ ಸೇತುವೆಯ ನಡುವೆ ಫೋಟೋಕ್ಕಾಗಿ ಗುಂಪು ನಿಂತರೆ ಲೆಕ್ಕವೇ ಬೇರೆಯಾಗುತ್ತದೆ.

ದೊಡ್ಡ ಹಳೆಯ ಸೇತುವೆಗಳ ಮಾತಿಗೆ ಬರೋಣ. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟಿ ಘಟ್ಟ ಇಳಿಯುವ ನೇತ್ರಾವತಿಯ ಮೇಲೆ ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ, ಶತಮಾನದ ಹಿಂದಿನ ಉಕ್ಕಿನ ಸೇತುವೆಯಿದೆ. ಮೂಡಿಗೆರೆಗೆ ನೆರೆಯ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ರೈಲುಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ಮುಗಿದದ್ದು. 55 ಕಿ.ಮೀ. ಒಳಗೆ 57 ಸುರಂಗ, ನೂರಕ್ಕೂ ಮೀರಿ ಸೇತುವೆ, 50 ಅಡಿಗೆ ಒಂದು ಅಡಿಯ ಇಳಿಜಾರು. ಉಕ್ಕಿನ ಸೇತುವೆಯನ್ನು ಹೇಗೆ ನೋಡಿಕೊಳ್ಳಬೇಕೆಂಬ ಶಿಸ್ತನ್ನು ಈ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಳಿಸಿಕೊಂಡಿರುವುದು ರೈಲ್ವೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಪ್ರತಿ ಸೇತುವೆಯನ್ನೂ ಎಂಜಿನಿಯರ್ ಕಣ್ಣಾರೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಸಡಿಲ ರಿವೆಟು ಹುಡುಕುವ ಬಗೆ ಇಂದಿಗೂ ಸರಳ. ತಲೆಯ ಒಂದು ಪಕ್ಕಕ್ಕೆ ಬೆರಳಿಟ್ಟು, ಎದುರು ಪಕ್ಕದಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಬೆರಳಿಗೆ ಅದುರು ತಾಗಿದರೆ ರಿವೆಟು ಸಡಿಲ. ತಲೆಯ ಕೆಳಗೆ ಕೆಂಪುನೀರಿನ ಗೆರೆ ಇಳಿದಿದ್ದರೆ ತಟ್ಟುವ ಮೊದಲೇ ಅನುಮಾನ ಬರಬೇಕು.

ಕೆಂಪಗೆ ಕಾಯಿಸಿದ ರಿವೆಟನ್ನು ತೂತಿಗೆ ತೂರಿಸಿ ಬಡಿದು ತಲೆ ಮಾಡಿದಾಗ ಅದು ಆರುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ತಗಡುಗಳನ್ನು ಅಪ್ಪಿಹಿಡಿಯುತ್ತದೆ. ಹಳೆಯ ಸೇತುವೆಯ ಬಲ ಈ ಹಿಡಿತದಲ್ಲಿದೆ. ಆ ಕೆಲಸ ಬಲ್ಲ ಕೈಗಳು ಈಗ ವಿರಳ, ಹಾಗಾಗಿ ದುರಸ್ತಿಯಲ್ಲಿ ಬಿಗಿಹಿಡಿತದ ಹೈ-ಟೆನ್ಸೈಲ್ ಬೋಲ್ಟು ಹಾಕುತ್ತಾರೆ. ನನ್ನ ಮಟ್ಟಿಗೆ ಇದು ತಪ್ಪಲ್ಲ. ಚರಿತ್ರೆಯ ಹೆಸರಿನಲ್ಲಿ ಎಲ್ಲೆಡೆ ರಿವೆಟೇ ಬೇಕೆಂದು ಹಟ ಹಿಡಿದು ಕೆಲಸ ಮುಂದೂಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ವೆಲ್ಡಿಂಗ್ ಬಗ್ಗೆ ಮಾತ್ರ ತುಂಬಾ ಎಚ್ಚರ ಬೇಕು. ಆ ಕಾಲದ ಉಕ್ಕಿನಲ್ಲಿ ಗಂಧಕ, ರಂಜಕದ ಅಂಶ ಹೆಚ್ಚಿರಬಹುದು. ವೆಲ್ಡಿಂಗಿನ ಶಾಖಕ್ಕೆ ಅಂಥ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಒಂದು ಚೂರು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿ, ಅದರ ಸಂಯೋಜನೆ ತಿಳಿದ ಮೇಲೆಯೇ ನಿರ್ಧರಿಸಬೇಕು. ತಗಡು ಎಷ್ಟು ಸವೆದಿದೆ ಎಂದು ಅಳೆಯಲು ಅಲ್ಟ್ರಾಸಾನಿಕ್ ಉಪಕರಣ ಸಾಕು. ಶಬ್ದ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 10 ಮಿ.ಮೀ. ದಪ್ಪದ ತಗಡಿನ ಹಿಂಬದಿಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಹತ್ತುಲಕ್ಷದ ಮೂರೂವರೆ ಭಾಗದಷ್ಟು ಸಮಯ ಬೇಕು. ಆ ಸಮಯವನ್ನು ಅಳೆದು ಉಳಿದ ದಪ್ಪವನ್ನು ಹೇಳುತ್ತದೆ ಯಂತ್ರ. ಒಂದೇ ಬಿಂದುವನ್ನು ವರ್ಷವರ್ಷವೂ ಅಳೆದು ಬರೆದಿಟ್ಟರೆ, ಸೇತುವೆಯ ಆಯಸ್ಸು ಊಹೆಯಾಗಿ ಉಳಿಯುವುದಿಲ್ಲ.

ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಮರೆಯಬಾರದು. 60 ಮೀಟರ್ ಉದ್ದದ ಗರ್ಡರು ಉಷ್ಣತೆ 30 ಡಿಗ್ರಿ ಏರಿದರೆ ಸುಮಾರು 22 ಮಿ.ಮೀ. ಬೆಳೆಯುತ್ತದೆ. ಅದಕ್ಕೆಂದೇ ಒಂದು ತುದಿಯಲ್ಲಿ ಉರುಳುವ ಬೇರಿಂಗ್ ಇರುತ್ತದೆ. ಅದರಲ್ಲಿ ಮಣ್ಣು, ಎಲೆ ತುಂಬಿ ತುಕ್ಕು ಕಚ್ಚಿದರೆ ಹಿಗ್ಗುವ ಬಲವೆಲ್ಲ ಕಂಬದ ತಲೆಗೆ ಹೋಗುತ್ತದೆ. ಒಂದು ಪೊರಕೆ, ಒಂದು ಡಬ್ಬ ಗ್ರೀಸು ತಡೆಯಬಹುದಾದ ಹಾನಿ ಇದು.

ಇನ್ನು ಭಾರ. ಲೋಹದ ದಣಿವಿನ ಲೆಕ್ಕದಲ್ಲಿ ಪ್ರತಿ ಸಲದ ಹೊರೆ ದುಪ್ಪಟ್ಟಾದರೆ ಹಾನಿ ಸುಮಾರು ಎಂಟು ಪಟ್ಟಾಗುತ್ತದೆ. ಹತ್ತು ಜೀಪು ಮಾಡದ ಕೆಡುಕನ್ನು ಮಿತಿ ಮೀರಿ ದಿಮ್ಮಿ ಹೇರಿದ ಒಂದು ಲಾರಿ ಮಾಡಬಲ್ಲದು. ಹಳೆಯ ಸೇತುವೆಯ ಪಕ್ಕ ಹೊಸದು ಕಟ್ಟಿ ಭಾರದ ವಾಹನಗಳನ್ನು ಅತ್ತ ತಿರುಗಿಸುವುದು, ಹಳೆಯದಕ್ಕೆ ಕೊಡಬಹುದಾದ ಅತ್ಯುತ್ತಮ ಚಿಕಿತ್ಸೆ.

ಬಣ್ಣದ ವಿಷಯ ಕೊನೆಗೆ ಬಂದರೂ ಖರ್ಚೆಲ್ಲ ಅದರದ್ದೇ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆ 1890ರಲ್ಲಿ ತೆರೆದದ್ದು. ಅದಕ್ಕೆ ಬಣ್ಣ ಬಳಿಯುವ ಕೆಲಸ ಎಂದೂ ಮುಗಿಯದು ಎಂಬ ಮಾತೇ ಹುಟ್ಟಿಕೊಂಡಿತ್ತು. 2002ರಿಂದ 2011ರವರೆಗೆ ಹಳೆಯ ಬಣ್ಣದ ಪದರಗಳನ್ನೆಲ್ಲ ಕಿತ್ತು, ಬರಿ ಉಕ್ಕಿಗೆ ಇಳಿದು, ಗಾಜಿನ ಚಕ್ಕೆ ಬೆರೆಸಿದ ಎಪಾಕ್ಸಿ ಬಳಿದರು. ಅದು 25 ವರ್ಷ ಬಾಳುತ್ತದೆಂಬ ನಿರೀಕ್ಷೆಯಿದೆ. ಬಳಿಯುವುದಕ್ಕಿಂತ ಕೀಳುವ ಕೆಲಸವೇ ದೊಡ್ಡದು. ತುಕ್ಕಿನ ಮೇಲೆ ಬಳಿದ ಬಣ್ಣ ಒದ್ದೆಯನ್ನು ಒಳಗೆ ಬೀಗ ಹಾಕಿ ಇಡುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಅದನ್ನು ಉಜ್ಜಿ ಹೊಳೆಗೆ ಉದುರಿಸುವಂತಿಲ್ಲ, ಕೆಲಸಗಾರರು ಉಸಿರಾಡುವಂತೆಯೂ ಇಲ್ಲ. ಮೇಲಾಗಿ ಉಕ್ಕಿನ ಮೈ ಬಿಸಿ, ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ಬಣ್ಣದವರ ನಿಯಮ. ಕಳಸದಲ್ಲಿ ಈ ನಿಯಮ ಪಾಲಿಸಲು ಸಿಗುವುದು ಡಿಸೆಂಬರಿನಿಂದ ಹೂಮಳೆ ಬೀಳುವವರೆಗಿನ ಕಾಲ. ಅದರಲ್ಲೂ ಬೆಳಗಿನ ಮಂಜು ಆರಿ ಉಕ್ಕು ಒಣಗಿದ ಮೇಲಿನ ಕೆಲವೇ ಗಂಟೆಗಳು. ಕಾಫಿ ಕೊಯ್ಲಿನಿಂದಾಗಿ ಆಳು ಸಿಗದಿರುವುದೂ ಅದೇ ತಿಂಗಳುಗಳಲ್ಲಿ. ಮಾರ್ಚ್ ಕೊನೆಗೆ ಬಿಲ್ ಮುಗಿಸಬೇಕೆಂಬ ಆತುರದಲ್ಲಿ ಒದ್ದೆ ಉಕ್ಕಿಗೆ ಬಳಿದ ಬಣ್ಣ ಮುಂದಿನ ಮಳೆಗೇ ಚಕ್ಕೆ ಏಳುತ್ತದೆ. ಕೆಲಸದ ಆದೇಶ ಅಕ್ಟೋಬರಿನಲ್ಲೇ ಕೈಗೆ ಬಂದರೆ ಮಾತ್ರ ಇದು ಸರಿಹೋದೀತು.

ಸೇತುವೆಯ ಮೇಲೆ ಏನೇ ಮಾಡಿದರೂ ಕಂಬದ ಬುಡ ಹೊಳೆಯ ಕೈಯಲ್ಲಿದೆ. ಪೋರ್ಚುಗಲ್‌ನ ದೌರೊ ನದಿಯ ಮೇಲಿದ್ದ, 19ನೇ ಶತಮಾನದ ಉಕ್ಕಿನ ಹಿಂತ್ಸೆ ರಿಬೈರೊ ಸೇತುವೆ 2001ರ ಮಾರ್ಚ್ 4ರ ರಾತ್ರಿ ಬಸ್ಸು ಕಾರುಗಳ ಸಮೇತ ಬಿದ್ದು 59 ಜನ ಸತ್ತರು. ಕುಸಿದದ್ದು ಉಕ್ಕಲ್ಲ, ಕಂಬ. ವರ್ಷಾನುಗಟ್ಟಲೆ ಮರಳು ತೆಗೆದು ನದಿಪಾತ್ರ ಆಳವಾಗಿ, ಪ್ರವಾಹ ಕಂಬದ ಅಡಿಯನ್ನು ಕೊರೆದಿತ್ತು. ನೇತ್ರಾವತಿ, ಭದ್ರಾ, ಹೇಮಾವತಿಗಳಲ್ಲಿ ಮರಳು ತೆಗೆಯುವ ಜಾಗದಿಂದ ಸೇತುವೆಗೆ ಎಷ್ಟು ದೂರ ಎಂಬುದು ಸೇತುವೆಯ ಪಾಲಿಗೆ ಜೀವನ್ಮರಣದ ಪ್ರಶ್ನೆ.

ಇಲ್ಲಿ ಹೇಳಿದ ಕೆಲಸಗಳಲ್ಲಿ ಅರ್ಧಕ್ಕರ್ಧ ಊರವರೇ ಮಾಡಬಹುದಾದವು. ಮೇ ತಿಂಗಳಲ್ಲಿ ಎಲೆ ಗುಡಿಸುವುದು, ನೀರು ಇಳಿಯುವ ತೂತು ಬಿಡಿಸುವುದು, ಲಂಗರಿನ ಸುತ್ತ ಮಣ್ಣು ಸರಿಸುವುದು, ಒಮ್ಮೆಗೆ ಎಷ್ಟು ಜನ ದಾಟಬಹುದೆಂಬ ಬೋರ್ಡು ಹಾಕುವುದು. ಉಳಿದರ್ಧಕ್ಕೆ ಎಂಜಿನಿಯರ್ ಬೇಕು, ದುಡ್ಡು ಬೇಕು. ನಿಮ್ಮೂರಿನ ಹೊಳೆಗೆ ತೂಗುಸೇತುವೆಯೋ ಹಳೆಯ ಕಬ್ಬಿಣದ ಸೇತುವೆಯೋ ಇದ್ದರೆ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಅದನ್ನು ಕಡೆಯ ಸಲ ಯಾವ ವರ್ಷ ಪರೀಕ್ಷಿಸಿದರು, ವರದಿ ಎಲ್ಲಿದೆ, ಈ ವರ್ಷದ ಕ್ರಿಯಾಯೋಜನೆಯಲ್ಲಿ ಅದರ ನಿರ್ವಹಣೆಗೆ ಹಣ ಇಟ್ಟಿದ್ದಾರೆಯೇ ಎಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ.